ಎಲ್ಲ ಗ್ರಹಗಳೂ ನಮ್ಮೂರ ಕಲ್ಲುಗಣಿ

‘ಏಳನೆಯ ಕಕ್ಷೆ’ಯ ನಾನೂರ ಹನ್ನೆರಡು ಕಂತುಗಳಲ್ಲಿ
ನೂರಾ ಆರು ನಮ್ಮೂರಲ್ಲೇ ತೆಗೆದವು.
ಎಣಿಸಿದ್ದೇನೆ.
ತಂಗಿ ಟೆಗ್ವೆನ್ ನೂರಾ ನಾಲ್ಕು ಅನ್ನುತ್ತಾಳೆ.
ಮಂಜಿನ ಗ್ರಹದ ಎರಡು ಕಂತು ಅವಳಿಗೆ ಲೆಕ್ಕಕ್ಕಿಲ್ಲ;
ಮಂಜಲ್ಲಿ ಏನು ಕಂಡೀತು, ಯಾವೂರಾದರೂ ಇರಬಹುದು ಎಂಬ ವಾದ.
ಮಂಜು ನಮ್ಮದೇ ಕಣೇ.
ಅದರ ಒದ್ದೆ ಕಲ್ಲಿನ ವಾಸನೆ
ಟಿ.ವಿ.ಯ ಗಾಜು ದಾಟಿ ನನ್ನ ಮೂಗಿಗೆ ಬಡಿದಿತ್ತು.

ವೇಲ್ಸಿನ ಒಂದು ಮೂಲೆ. ಕಲ್ಲು, ಕುರಿ, ಪ್ರಾರ್ಥನಾ ಮಂದಿರ, ಮತ್ತೆ ಕಲ್ಲು.
ಲೋಕದ ಅರ್ಧ ಮಕ್ಕಳು ಬಳಪ ಹಿಡಿದು ತಿದ್ದಿದ್ದು
ನಮ್ಮ ಬೆಟ್ಟದ ಬೆನ್ನ ಮೇಲೆ
ಎಂದು ಅಪ್ಪ ಕೊಚ್ಚಿಕೊಳ್ಳುತ್ತಿದ್ದ.
ಆಮೇಲೆ ಮಕ್ಕಳಿಗೆ ಕಾಗದ ಸಿಕ್ಕಿತು, ಮನೆಗಳಿಗೆ ಅಗ್ಗದ ಹಂಚು.
ಗಣಿ ಮುಚ್ಚಿದ ಮರುವರ್ಷ ಲಂಡನ್ನಿನಿಂದ ಎರಡು ಲಾರಿ ಬಂದವು:
ಬೆಳ್ಳಿಬಣ್ಣ ಬಳಿದ ಹಲಗೆಗಳು, ಹೊಗೆಯ ಯಂತ್ರ,
ಚಹಾ ಕಾಯಿಸಲು ಮೂರು ದೊಡ್ಡ ಕೆಟಲು.

ಈಗ ನನ್ನ ಅಭಿಪ್ರಾಯ. ಕೇಳಿದರೂ ಸರಿ, ಬಿಟ್ಟರೂ ಸರಿ.

‘ಉಪ್ಪಿನ ಅರಸಿ’ಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಸೇರದು.
ಕಣ್ಣೀರಲ್ಲಿ ಗ್ಲಿಸರಿನ್ ಮಿನುಗುತ್ತದೆ.
ಮೇಲಾಗಿ ಅದು ಸ್ಟುಡಿಯೋ, ಬಂಡೆಯೆಲ್ಲ ಥರ್ಮೋಕೋಲು.
ಕ್ಯಾಪ್ಟನ್ ಓರ್ಲಾ ಒರಗಿದಾಗ ಒಂದು ಬಂಡೆ
ಮೆಲ್ಲಗೆ ಒಂದಿಂಚು ಸರಿಯುತ್ತದೆ.
ಬಂಡೆ ಸರಿಯಬಾರದು.
ಸರಿದರೆ ಕೆಳಗೆ ಯಾರೋ ಇರುತ್ತಾರೆ.

‘ಕಬ್ಬಿಣ ತಿನ್ನುವವರು’ ಮೂರು ಕಂತಿಗೆ ಮುಗಿಯಬೇಕಿತ್ತು, ನಾಲ್ಕಕ್ಕೆ ಎಳೆದರು.
ಮೂರನೆಯದರ ತುಂಬ ಬರೀ ಓಟ:
ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ,
ಹಿಂದಿನಿಂದ ಮೈತುಂಬ ಕಂಬಳಿ ಹೊಲಿದುಕೊಂಡ ರಾಕ್ಷಸ,
ಜರಡಿಯ ಕಣ್ಣು.
ಎಡಗಾಲೆಳೆದು ಬರುವ ಆ ನಡೆಯನ್ನು
ಪತ್ರಿಕೆಯವರು ‘ಭೂಮಿಯದಲ್ಲದ ಚಲನೆ’ ಎಂದು ಮೆಚ್ಚಿದರು.
ಒಳಗಿದ್ದವನು ನಮ್ಮ ಮೈರಿಯಾನ್.
ದಿನಕ್ಕೆ ನಾಲ್ಕು ಪೌಂಡು, ಮಧ್ಯಾಹ್ನ ಬಿಸಿ ಸೂಪು.
ಅವನ ಎಡಗಾಲ ಮೇಲೆ ಕಲ್ಲಿನ ಬಂಡಿ ಹರಿದದ್ದು
ಅದೇ ಅಟ್ಟಣೆಯ ಮೇಲೆ, ಹನ್ನೊಂದು ವರ್ಷ ಮುಂಚೆ.
ಆ ಕಂತಿಗೆ ನನ್ನ ಮಾಫಿ ಇದೆ.

ಎರಡು ಸೂರ್ಯರ ಕಥೆ ಸುಳ್ಳು, ನೆರಳು ಒಂದೇ ಬೀಳುತ್ತದೆ.
ರೋಬೋ ನಾಯಿ ಬಂದ ವರ್ಷ ಪೂರ್ತಿ ಬೇಡ.

ಇನ್ನು ‘ನಿರ್ಜನ’.
ಓರ್ಲಾ ಕೈಯಂತ್ರ ಎತ್ತಿ ಸುತ್ತ ಹಿಡಿಯುತ್ತಾಳೆ, ಗಾಳಿಗೆ ಕೂದಲು ಹಾರುತ್ತದೆ:
‘ಜೀವದ ಕುರುಹಿಲ್ಲ. ಇಲ್ಲಿ ಯಾರೂ ಯಾವತ್ತೂ ಇರಲಿಲ್ಲ.’
ಅದೇ ಹೊತ್ತಿಗೆ ಅಪ್ಪನಿಗೆ ಕೆಮ್ಮು ಹತ್ತಿತು.
ಗಣಿಯ ಧೂಳಿನ ಕೆಮ್ಮು, ಬಂದರೆ ಬೇಗ ಹೋಗುವುದಲ್ಲ.
ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.
ನಾನು ತೆರೆ ನೋಡುತ್ತಿದ್ದೆ.
ಅವಳ ಹೆಗಲ ಹಿಂದೆ ಬುತ್ತಿ ಉಣ್ಣುವ ಗೂಡು,
ಅದರ ಬಾಗಿಲ ಕಲ್ಲಲ್ಲಿ ಉಳಿಯಿಂದ ಕೊರೆದ ಐದಕ್ಷರ,
ಅರೆಕ್ಷಣ.
ಅಪ್ಪನ ಹೆಸರು.
ಅಪ್ಪ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ, ನೋಡಲಿಲ್ಲ.
ಅಭಿಮಾನಿಗಳ ಪಟ್ಟಿಯಲ್ಲಿ ಈಗಲೂ ಇದೆ ಅದು,
‘ಪ್ರಮಾದಗಳು’ ಎಂಬ ತಲೆಬರಹದ ಕೆಳಗೆ:
ನಿರ್ಜನ ಗ್ರಹದಲ್ಲಿ ಬರಹ ಕಾಣುತ್ತದೆ, ನಿರ್ದೇಶಕರ ಅಜಾಗರೂಕತೆ.
ಆ ಪಟ್ಟಿಯವರಿಗೆ ಒಂದು ಕಾಗದ ಬರೆದೆ. ಹರಿದು ಹಾಕಿದೆ.

ಹೊಸ ಸರಣಿ ಬಂದಿದೆ, ಗ್ರಹಗಳನ್ನು ಈಗ ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ.
ನೇರಳೆ ಕಡಲು, ಮೂರು ಚಂದ್ರ, ಬಂಡೆಗಳು ತೇಲುತ್ತವೆ.
ಚೆನ್ನಾಗಿಲ್ಲ ಅಂತ ಬಾಯಿಬಿಟ್ಟು ಹೇಳಲಾರೆ.
ನೋಡುತ್ತ ನೋಡುತ್ತ ಕೈಯಲ್ಲಿ ಹೆಣಿಗೆ ಮುಂದೆ ಸಾಗುತ್ತದೆ, ಅಷ್ಟೆ.

ನಿನ್ನೆ ರಾತ್ರಿ ಟೆಗ್ವೆನ್ ಫೋನು.
ಮಂಜಿನ ಗ್ರಹ ಮತ್ತೆ ಹಾಕಿಕೊಂಡು ಕೂತಿದ್ದಳಂತೆ.
ಎರಡನೆಯ ಕಂತಿನಲ್ಲಿ, ನೌಕೆ ಇಳಿದ ಮೇಲಿನ ಮೌನದಲ್ಲಿ,
ದೂರದಲ್ಲೊಂದು ಕುರಿ ಕೂಗಿತಂತೆ.
‘ಗ್ರಿಫ್ ಪ್ಯಾರಿಯ ಕುರಿ ಅದು,’ ಎಂದಳು.
‘ಹೋಗಲಿ, ನೂರಾ ಐದು ಅಂತ ಬರೆದುಕೋ.’
ಇನ್ನೊಂದಕ್ಕೆ ಒಪ್ಪಿಲ್ಲ.